ಬಿಡುಗಡೆಯ ಸುದ್ದಿ ಸಂತ್ರಸ್ತರಿಗೆ ಮೊದಲು ತಲುಪಲಿ

2022ರ ಆಗಸ್ಟ್ 15ರಂದು ಗುಜರಾತಿನ ಗೋಧ್ರಾ ಉಪ ಕಾರಾಗೃಹದಿಂದ ಜೀವಾವಧಿ ಶಿಕ್ಷೆಗೆ ಗುರಿಯಾಗಿದ್ದ ಹನ್ನೊಂದು ಮಂದಿ ಹೊರಬಂದರು. 2002ರ ಗಲಭೆಯಲ್ಲಿ ಬಿಲ್ಕಿಸ್ ಬಾನು ಅವರ ಮೇಲೆ ಸಾಮೂಹಿಕ ಅತ್ಯಾಚಾರ ಎಸಗಿ, ಮೂರು ವರ್ಷದ ಮಗಳೂ ಸೇರಿದಂತೆ ಅವರ ಕುಟುಂಬದವರನ್ನು ಕೊಂದವರು ಇವರು. ಬಿಡುಗಡೆಯಾದವರಿಗೆ ಹಾರ ಹಾಕಿ ಸಿಹಿ ತಿನ್ನಿಸಿದ ದೃಶ್ಯ ದೇಶದಾದ್ಯಂತ ಆಕ್ರೋಶಕ್ಕೆ ಕಾರಣವಾಯಿತು. ಆದರೆ ಅದಕ್ಕಿಂತ ಗಂಭೀರವಾದ ಮಾತೊಂದು ಆ ಗದ್ದಲದಲ್ಲಿ ಬದಿಗೆ ಸರಿಯಿತು. ಇಂತಹ ತೀರ್ಮಾನಕ್ಕೆ ಮುನ್ನ ತಮ್ಮ ಸುರಕ್ಷತೆಯ ಬಗ್ಗೆ ಯಾರೂ ವಿಚಾರಿಸಲಿಲ್ಲ ಎಂದು ಬಿಲ್ಕಿಸ್ ತಮ್ಮ ವಕೀಲರ ಮೂಲಕ ಹೇಳಿದ್ದರು.

ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಉಜ್ಜಲ್ ಭುಯಾನ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2024ರ ಜನವರಿ 8ರಂದು ಈ ಬಿಡುಗಡೆಯನ್ನು ರದ್ದುಗೊಳಿಸಿತು. ಅಪರಾಧಿಗಳು ಮತ್ತೆ ಸೆರೆಮನೆ ಸೇರಿದರು. ತೀರ್ಪಿನ ಮುಖ್ಯ ಆಧಾರ ಅಧಿಕಾರ ವ್ಯಾಪ್ತಿ. ವಿಚಾರಣೆ ಮುಂಬೈಯಲ್ಲಿ ನಡೆದಿದ್ದರಿಂದ ಶಿಕ್ಷೆ ಮಾಫಿ ಮಾಡುವ ಅಧಿಕಾರ ಮಹಾರಾಷ್ಟ್ರ ಸರ್ಕಾರದ್ದೇ ಹೊರತು ಗುಜರಾತಿನದಲ್ಲ ಎಂದು ನ್ಯಾಯಾಲಯ ಹೇಳಿತು. ಹಾಗಾದರೆ ಸಕ್ಷಮ ಸರ್ಕಾರವೇ ಆದೇಶ ಹೊರಡಿಸಿದ್ದು, ಬಿಲ್ಕಿಸ್ ಅವರಿಗೆ ಮಾತ್ರ ತಿಳಿಸದೇ ಇದ್ದಿದ್ದರೆ ಆ ಒಂದೇ ಕಾರಣಕ್ಕೆ ಆದೇಶ ಬಿದ್ದುಹೋಗುತ್ತಿತ್ತೇ? ನಮ್ಮ ಶಾಸನದಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿಲ್ಲ.

ಸರ್ಕಾರಿ ಕಡತಗಳ ನಡುವೆ ದಶಕಗಳನ್ನು ಕಳೆದವನಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಅವಧಿಪೂರ್ವ ಬಿಡುಗಡೆಯ ಕಡತ ಹಲವು ಮೇಜುಗಳನ್ನು ದಾಟುತ್ತದೆ. ಕಾರಾಗೃಹ ಅಧೀಕ್ಷಕರು ನಡತೆಯ ಬಗ್ಗೆ ಬರೆಯುತ್ತಾರೆ, ಪೊಲೀಸರು ಶಾಂತಿ ಸುವ್ಯವಸ್ಥೆಯ ಬಗ್ಗೆ ವರದಿ ಕೊಡುತ್ತಾರೆ, ಶಿಕ್ಷೆ ವಿಧಿಸಿದ ನ್ಯಾಯಾಲಯದ ಅಭಿಪ್ರಾಯ ಕೇಳಲಾಗುತ್ತದೆ, ಸಲಹಾ ಸಮಿತಿ ಸಭೆ ಸೇರುತ್ತದೆ. ಬಿಡುಗಡೆಯ ದಿನಾಂಕ ಗುಮಾಸ್ತನಿಗೂ ಗೊತ್ತು, ಕೈದಿಯ ಮನೆಯವರಿಗೂ ಗೊತ್ತು. ಗೊತ್ತಿಲ್ಲದವರು ಒಬ್ಬರೇ: ಆ ಮನುಷ್ಯ ಊರಿಗೆ ಮರಳಿದರೆ ಬಸ್ ನಿಲ್ದಾಣದಲ್ಲಿ ಅವನನ್ನು ಎದುರುಗೊಳ್ಳಬೇಕಾದವರು. ಅರ್ಥಶಾಸ್ತ್ರದಲ್ಲಿ ಮಾಹಿತಿಯ ಅಸಮತೆ ಎಂಬ ಪರಿಕಲ್ಪನೆಯಿದೆ. ಅದಕ್ಕೆ ಇದಕ್ಕಿಂತ ಕ್ರೂರವಾದ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಕಾನೂನು ಸಂತ್ರಸ್ತರನ್ನು ಸಂಪೂರ್ಣ ಮರೆತಿದೆ ಎಂದರೆ ತಪ್ಪಾದೀತು. ಜಾರಿಗೆ ಬಂದು 15 ವರ್ಷ ದಾಟಿದ 2008ರ ತಿದ್ದುಪಡಿ ಅವರಿಗೆ ಮೇಲ್ಮನವಿಯ ಹಕ್ಕು ಕೊಟ್ಟಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು. ಸಂತ್ರಸ್ತರ ಮಾತು ಕೇಳದೆ ಮೊಕದ್ದಮೆ ಹಿಂಪಡೆಯಲು ನ್ಯಾಯಾಲಯ ಅನುಮತಿ ನೀಡುವಂತಿಲ್ಲ. ಆದರೆ ಶಿಕ್ಷೆ ಮಾಫಿಗೆ ಸಂಬಂಧಿಸಿದ 473ನೇ ಕಲಮಿಗೆ ಬಂದೊಡನೆ ಅದೇ ಸಂಹಿತೆ ಮೌನ ತಾಳುತ್ತದೆ. ತನಿಖೆಯಿಂದ ತೀರ್ಪಿನವರೆಗೆ ಸಂತ್ರಸ್ತರಿದ್ದಾರೆ. ಸೆರೆಮನೆಯ ಬಾಗಿಲು ತೆರೆಯುವಾಗ ಅವರಿಲ್ಲ.

ಒಂದು ಮಹತ್ವದ ಅಪವಾದವಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿಯಲ್ಲಿ ಜಾರಿಗೆ ಬಂದ 15ಎ ಕಲಮಿನಡಿ, ಜಾಮೀನು ಸೇರಿದಂತೆ ನ್ಯಾಯಾಲಯದ ಯಾವುದೇ ನಡಾವಳಿಯ ಬಗ್ಗೆ ಸಕಾಲಿಕ ಸೂಚನೆ ಪಡೆಯಲು ಸಂತ್ರಸ್ತರು ಅರ್ಹರು. ಜಾಮೀನು, ಬಿಡುಗಡೆ, ಪೆರೋಲ್ ಕುರಿತ ನಡಾವಳಿಗಳಲ್ಲಿ ತಮ್ಮ ಮಾತು ಹೇಳಲೂ ಅವರಿಗೆ ಅವಕಾಶವಿದೆ. ಇದು ಕೇವಲ ಔಪಚಾರಿಕತೆಯಲ್ಲ, ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹರಿರಾಮ್ ಭಾಂಭಿ ಪ್ರಕರಣದಲ್ಲಿ ಹೇಳಿದೆ. ಒಂದು ವರ್ಗದ ಅಪರಾಧಗಳಲ್ಲಿ ಸಾಧ್ಯವಾದದ್ದು ಅತ್ಯಾಚಾರ, ಕೊಲೆ ಯತ್ನ, ಆ್ಯಸಿಡ್ ದಾಳಿಗಳಲ್ಲಿ ಏಕೆ ಅಸಾಧ್ಯ?

ಅಮೆರಿಕದ ಲೂಯಿವಿಲ್ ನಗರದಲ್ಲಿ 1993ರ ಡಿಸೆಂಬರಿನಲ್ಲಿ ಯುವತಿಯೊಬ್ಬಳು ತನ್ನ 21ನೇ ಹುಟ್ಟುಹಬ್ಬದ ದಿನವೇ ಗುಂಡಿಗೆ ಬಲಿಯಾದಳು. ಕೊಂದವನು ಆಕೆಯ ಮೇಲೆಯೇ ಅತ್ಯಾಚಾರ ಎಸಗಿದ ಆರೋಪದಲ್ಲಿ ಬಂಧನದಲ್ಲಿದ್ದ ಹಳೆಯ ಗೆಳೆಯ. ಅವನು ಜಾಮೀನಿನ ಮೇಲೆ ಹೊರಬಂದಿದ್ದ ಸಂಗತಿ ಆಕೆಗಾಗಲಿ ಕುಟುಂಬಕ್ಕಾಗಲಿ ತಿಳಿದಿರಲಿಲ್ಲ. ಮರುವರ್ಷವೇ ಅಲ್ಲಿನ ಆಡಳಿತ, ಕೈದಿ ಹೊರಬಿದ್ದೊಡನೆ ಸಂತ್ರಸ್ತರಿಗೆ ತಾನಾಗಿ ದೂರವಾಣಿ ಕರೆ ಹೋಗುವ ವ್ಯವಸ್ಥೆ ರೂಪಿಸಿತು. ಬಳಿಕ ಅದು ಆ ದೇಶದ ಬಹುತೇಕ ರಾಜ್ಯಗಳಿಗೆ ಹರಡಿತು. ಮೂರು ದಶಕಗಳ ಹಿಂದಿನ ದೂರವಾಣಿ ತಂತ್ರಜ್ಞಾನಕ್ಕೆ ಆಗಿದ್ದು ಇಂದಿನ ನಮ್ಮ ಗಣಕೀಕೃತ ಕಾರಾಗೃಹಗಳಿಗೆ ಆಗದು ಎನ್ನಲಾಗದು.

ಸಂತ್ರಸ್ತರು ಯಾವಾಗಲೂ ವಿರೋಧಿಸುತ್ತಾರೆ, ಸುಧಾರಣೆಯ ಆಶಯವೇ ಕುಸಿಯುತ್ತದೆ ಎಂಬುದು ಪ್ರಬಲ ಆಕ್ಷೇಪ. ಹದಿನಾಲ್ಕು ವರ್ಷ ಸೆರೆಯಲ್ಲಿ ಕಳೆದು ಬದಲಾದ ಮನುಷ್ಯನಿಗೆ ಹೊರಬರುವ ಹಾದಿ ಇರಲೇಬೇಕು; ಇದರಲ್ಲಿ ನನಗೆ ಸಂಶಯವಿಲ್ಲ. ಆದರೆ ತಿಳಿಸುವುದು ಬೇರೆ, ತಡೆಯುವ ಅಧಿಕಾರ ಕೊಡುವುದು ಬೇರೆ. ಬ್ರಿಟನ್ನಿನಲ್ಲಿ ಗಂಭೀರ ಹಿಂಸೆ ಮತ್ತು ಲೈಂಗಿಕ ಅಪರಾಧಗಳ ಸಂತ್ರಸ್ತರು ಬಿಡುಗಡೆಯನ್ನು ನಿರ್ಧರಿಸುವುದಿಲ್ಲ. ಅಪರಾಧಿ ತಮ್ಮ ಪ್ರದೇಶಕ್ಕೆ ಬರಬಾರದು, ಸಂಪರ್ಕಿಸಬಾರದು ಎಂಬಂಥ ಷರತ್ತುಗಳನ್ನು ಕೋರಬಹುದು. ನಮ್ಮ 473ನೇ ಕಲಮೂ ಷರತ್ತುಬದ್ಧ ಮಾಫಿಗೆ ಅವಕಾಶ ನೀಡುತ್ತದೆ. ಯಾವ ಬೀದಿ, ಯಾವ ಶಾಲೆಯ ಆವರಣ ಆ ಷರತ್ತಿನಲ್ಲಿ ಸೇರಬೇಕೆಂಬುದನ್ನು ಸಂತ್ರಸ್ತರಲ್ಲದೆ ಸಚಿವಾಲಯದ ಅಧೀನ ಕಾರ್ಯದರ್ಶಿ ಹೇಗೆ ಬಲ್ಲರು?

ವಿಷಯಕ್ಕೆ ಈಗ ತುರ್ತೂ ಬಂದಿದೆ. ಮಾಫಿ ನೀತಿ ಇರುವ ರಾಜ್ಯಗಳು ಕೈದಿ ಅರ್ಜಿ ಹಾಕದಿದ್ದರೂ ಅರ್ಹರ ಬಿಡುಗಡೆಯನ್ನು ತಾವಾಗಿಯೇ ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ನಿರ್ದೇಶಿಸಿದೆ. ಇದು ಬಡ ಕೈದಿಗಳಿಗೆ ನ್ಯಾಯ ಒದಗಿಸುವ ಸ್ವಾಗತಾರ್ಹ ಆದೇಶ. ಆದರೆ ಇನ್ನು ಮುಂದೆ ಈ ಕಡತಗಳು ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ವೇಗವಾಗಿ ಚಲಿಸಲಿವೆ.

ಕಾರಾಗೃಹಗಳು ರಾಜ್ಯಪಟ್ಟಿಯ ವಿಷಯ. ಆದ್ದರಿಂದ ಕರ್ನಾಟಕ ದೆಹಲಿಯತ್ತ ನೋಡುತ್ತ ಕೂರಬೇಕಿಲ್ಲ; ಕಾರಾಗೃಹ ನಿಯಮಗಳಿಗೆ ತಿದ್ದುಪಡಿ ತಂದರೆ ಸಾಕು. ಹೊಣೆಯನ್ನು ಪೊಲೀಸ್ ಠಾಣೆಗಿಂತ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ವಹಿಸುವುದು ಲೇಸು. ಪರಿಹಾರ ಯೋಜನೆಯ ಮೂಲಕ ಸಂತ್ರಸ್ತರೊಡನೆ ಅದಕ್ಕೆ ಈಗಾಗಲೇ ಸಂಪರ್ಕವಿದೆ, ಮಹಿಳೆಯೊಬ್ಬರ ಮನೆ ಬಾಗಿಲಿಗೆ ಸಮವಸ್ತ್ರ ಬಂದು ನಿಂತರೆ ನೆರೆಹೊರೆಯಲ್ಲಿ ಹಳೆಯ ಕಥೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಕೆಲವರಿಗೆ ಆ ಹೆಸರನ್ನು ಕೇಳುವುದೇ ಬೇಡವಾಗಿರಬಹುದು. ಹಾಗಾಗಿ ತೀರ್ಪಿನ ದಿನವೇ ಅವರ ಇಚ್ಛೆ ಕೇಳಿ ದಾಖಲಿಸಿಕೊಂಡು, ವಿಳಾಸವನ್ನು ಅಪರಾಧಿಯ ಕಡತದಿಂದ ಪ್ರತ್ಯೇಕವಾಗಿ ಇಡಬೇಕು. ಮೊದಲಿಗೆ ಪೆರೋಲನ್ನೇ ಎತ್ತಿಕೊಳ್ಳಬಹುದು. ಅದು ಕೆಲವೇ ವಾರಗಳ ಬಿಡುಗಡೆ, ಹೊರಡುವ ಮತ್ತು ಮರಳುವ ದಿನಾಂಕ ಎರಡೂ ಆದೇಶದಲ್ಲೇ ನಮೂದಾಗಿರುತ್ತವೆ.