ಮೂವತ್ತು ಸಾವಿರ ತೆರುವ ಮುನ್ನ

ಕಳೆದ ತಿಂಗಳು ಪುಣೆಯ ನಮ್ಮ ಕನ್ನಡಿಗರ ಗುಂಪಿನ ಹುಡುಗನೊಬ್ಬ ಫೋನ್ ಮಾಡಿದ್ದ. ಹಿಂಜೆವಾಡಿಯಲ್ಲಿ ಕೆಲಸ, ವಾಕಡ್‌ನ ಪಿಜಿಯಲ್ಲಿ ವಾಸ. ಊರಲ್ಲಿ ಕೊಳಲು ಕಲಿತವನು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಎಲೆಕ್ಟ್ರಾನಿಕ್ ಸಂಗೀತ ಮಾಡುವ ಹುಚ್ಚು ಹೊಸದಾಗಿ ಹತ್ತಿದೆ. ‘ಸರ್, ಮ್ಯಾಕ್ಸ್ ತಗೊಳ್ತಾ ಇದೀನಿ, ಕಾರ್ಡಲ್ಲಿ ಇಎಂಐ ಹಾಕಿಸ್ಬಿಡ್ತೀನಿ. ಸರಿ ತಾನೇ?’ ಅಂದ. ‘ತಡಿಯಪ್ಪ’ ಅಂದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮ್ಯಾಕ್ಸ್‌ನಂಥ ತಂತ್ರಾಂಶಗಳಲ್ಲಿ ಸಾಲು ಸಾಲು ಕೋಡ್ ಬರೆಯಬೇಕಿಲ್ಲ. ಪರದೆಯ ಮೇಲೆ ಚಿಕ್ಕ ಚಿಕ್ಕ ಪೆಟ್ಟಿಗೆಗಳನ್ನಿಟ್ಟು, ಒಂದರಿಂದ ಇನ್ನೊಂದಕ್ಕೆ ತಂತಿ ಎಳೆದರೆ ಸದ್ದು ಹರಿಯುತ್ತದೆ. ಹಾಗೆ ಜೋಡಿಸಿದ್ದಕ್ಕೆ ಪ್ಯಾಚ್ ಎಂದು ಹೆಸರು. ಹಳೆಯ ಮಾಡ್ಯುಲರ್ ಸಿಂಥಸೈಸರುಗಳಲ್ಲಿ ನಿಜವಾದ ತಂತಿಯನ್ನೇ ಚುಚ್ಚುತ್ತಿದ್ದರು. 1969ರಲ್ಲಿ ಅಹಮದಾಬಾದಿನ ಎನ್‌ಐಡಿಗೆ ಬಂದಿದ್ದ ಮೂಗ್ ಯಂತ್ರವೂ ಅದೇ ಜಾತಿಯದು. ನಮ್ಮ ದೇಶದಲ್ಲಿ ಈ ಆಟ ಹೊಸದೇನಲ್ಲ.

ಮ್ಯಾಕ್ಸನ್ನು 1980ರ ದಶಕದಲ್ಲಿ ಪ್ಯಾರಿಸ್ಸಿನ ಇರ್ಕಾಮ್ ಸಂಸ್ಥೆಯಲ್ಲಿ ಬರೆದವರು ಮಿಲ್ಲರ್ ಪಕೆಟ್. ಅದು ಮಾರಾಟದ ಸರಕಾಯಿತು. 1996ರಲ್ಲಿ ಅದೇ ಪಕೆಟ್ ಹೊಸದಾಗಿ ಪ್ಯೂರ್ ಡೇಟಾ ಬರೆದು ಉಚಿತವಾಗಿ ಬಿಟ್ಟರು. ಅಂದರೆ ಇವೆರಡೂ ಒಬ್ಬನೇ ಅಪ್ಪನ ಮಕ್ಕಳು. ಒಬ್ಬ ಸೂಟು ಹಾಕಿಕೊಂಡ, ಇನ್ನೊಬ್ಬ ಪಂಚೆಯಲ್ಲೇ ಉಳಿದ.

ಪಂಚೆಯವನ ರೂಪ ನೋಡಿ ಹುಡುಗರು ಓಡುತ್ತಾರೆ, ಒಪ್ಪುತ್ತೇನೆ. ಬಿಳಿ ಪರದೆ, ಕಪ್ಪು ಗೆರೆ, ತಾಲ್ಲೂಕು ಕಚೇರಿಯ ಅರ್ಜಿ ನಮೂನೆಯ ಹಾಗೆ. ಕಣ್ಣಿಗೆ ತೀರಾ ಕಷ್ಟವಾದರೆ ಅದೇ ಪ್ಯೂರ್ ಡೇಟಾಕ್ಕೆ ಹೊಸ ಅಂಗಿ ತೊಡಿಸಿದ ಪ್ಲಗ್‌ಡೇಟಾ ಇದೆ, ಅದೂ ಉಚಿತ. ಮ್ಯಾಕ್ಸ್ ಚೆಂದ, ಅದರ ಸಹಾಯಪುಟಗಳಂತೂ ಪಾಠ ಹೇಳಿಕೊಟ್ಟ ಹಾಗೆ ಇವೆ. ಆದರೆ ಶಾಶ್ವತ ಪರವಾನಗಿಗೆ ಕೇಳುವುದು ನಾನೂರು ಡಾಲರ್ ಆಸುಪಾಸು, ನಮ್ಮ ದುಡ್ಡಲ್ಲಿ ಮೂವತ್ತು ಸಾವಿರದ ಮೇಲೆ. ಅವನ ಪಿಜಿಯ ಮೂರು ತಿಂಗಳ ಬಾಡಿಗೆ. 30 ದಿನದ ಪ್ರಯೋಗಾವಧಿ ಮುಗಿದು ಪರವಾನಗಿ ಇಲ್ಲದಿದ್ದರೆ ಪ್ಯಾಚ್ ತೆರೆಯುತ್ತದೆ, ನುಡಿಯುತ್ತದೆ, ಉಳಿಸಲು ಮಾತ್ರ ಆಗುವುದಿಲ್ಲ. ಕಂಪನಿ ಬದಲಿಸಿ, ಊರು ಬದಲಿಸಿ, ಲ್ಯಾಪ್‌ಟಾಪನ್ನೂ ವಾಪಸ್ ಕೊಟ್ಟು ಬರುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಪ್ಯೂರ್ ಡೇಟಾ ಲಿನಕ್ಸ್ ಹಾಕಿದ ಹಳೇ ಯಂತ್ರದಲ್ಲೂ ಓಡುತ್ತದೆ, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲೂ ಓಡುತ್ತದೆ. ನನ್ನ ತಂಬೂರಿ ಈಗ ಪರದೆಯೇ ಇಲ್ಲದೆ ಅಂಥದ್ದೊಂದರಲ್ಲಿ, ಪುಸ್ತಕದ ಕಪಾಟಿನ ಮೇಲೆ ಕುಳಿತಿದೆ.

ನಮ್ಮ ಸಂಗೀತದ ಕಿವಿ ಇರುವವರು ಈ ದಾರಿಗೆ ಬರಲು ಬೇರೆಯದೇ ಕಾರಣವಿದೆ. ಸಾಮಾನ್ಯ ಕೀಬೋರ್ಡಿನ ಹನ್ನೆರಡು ಸ್ವರ ಸಮನಾಗಿ ಹಂಚಿದವು. ಷಡ್ಜ 200 ಹರ್ಟ್ಸ್ ಎಂದುಕೊಳ್ಳಿ. ತಂಬೂರಿಯೊಳಗಿಂದ ತಾನಾಗಿ ಕೇಳುವ ಅಂತರ ಗಾಂಧಾರ 250. ಕೀಬೋರ್ಡಿನದು ಹೆಚ್ಚುಕಡಿಮೆ 252. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡು ಸಲ ಸದ್ದು ಅಲುಗಾಡುತ್ತದೆ. ಪ್ಯೂರ್ ಡೇಟಾದಲ್ಲಿ ಪೆಟ್ಟಿಗೆಯೊಳಗೆ 250 ಎಂದು ಬರೆದರೆ ಮುಗಿಯಿತು. ಮ್ಯಾಕ್ಸ್‌ನಲ್ಲೂ ಇಷ್ಟೇ. ಇದಕ್ಕಾಗಿ ಸೂಟಿನ ದುಡ್ಡು ಕೊಡಬೇಕಿಲ್ಲ ಎನ್ನುವುದೇ ನನ್ನ ವಾದ.

ತೊಡಕಿಲ್ಲವೆಂದಲ್ಲ. ಒಂದು ಪೆಟ್ಟಿಗೆಯಿಂದ ಎರಡು ತಂತಿ ಹೊರಟರೆ ಯಾವುದಕ್ಕೆ ಮೊದಲು ಸುದ್ದಿ? ಮ್ಯಾಕ್ಸ್‌ನಲ್ಲಿ ಬಲಗಡೆಯದಕ್ಕೆ, ಪೆಟ್ಟಿಗೆ ಸರಿಸಿದರೆ ಕ್ರಮವೂ ಬದಲು. ಪ್ಯೂರ್ ಡೇಟಾದಲ್ಲಿ ಯಾವ ತಂತಿ ಮೊದಲು ಎಳೆದಿರೋ ಅದಕ್ಕೆ, ಪರದೆ ನೋಡಿ ತಿಳಿಯುವ ಹಾಗೇ ಇಲ್ಲ. ಮಿಶ್ರಛಾಪು ಕಟ್ಟುವಾಗ ನನ್ನ ಒಂದು ವಾರಾಂತ್ಯ ಇದರಲ್ಲೇ ಹೋಯಿತು. ಎಣಿಕೆ ಮುಂದೆ ಹೋಗುವ ಮೊದಲೇ ಪೆಟ್ಟು ಬೀಳುತ್ತಿತ್ತು, ಮೂರರ ಪೆಟ್ಟು ನಾಲ್ಕರಲ್ಲಿ. ಟ್ರಿಗರ್ ಎಂಬ ಪೆಟ್ಟಿಗೆ ನಡುವೆ ಹಾಕಿದರೆ ಕ್ರಮ ಗಟ್ಟಿಯಾಗುತ್ತದೆ. ಎರಡರಲ್ಲೂ ಅದೇ ಮದ್ದು. ಇನ್ನೊಂದು ಎಚ್ಚರ: ಯಾರೋ ಬರೆದ ಹೆಚ್ಚುವರಿ ಪೆಟ್ಟಿಗೆಗಳನ್ನು ಕಂಡಕಂಡಲ್ಲಿಂದ ತಂದು ತುಂಬಬೇಡಿ. ಅವನ್ನೆಲ್ಲ ಒಟ್ಟು ಕಟ್ಟಿ ಕೊಡುತ್ತಿದ್ದ ಪಿಡಿ-ಎಕ್ಸ್‌ಟೆಂಡೆಡ್ 2013ರ ಬಳಿಕ ನಿಂತಾಗ ಎಷ್ಟೋ ಜನರ ಪ್ಯಾಚ್‌ಗಳು ಮೂಕವಾದವು. ಪಕೆಟ್ ಅವರ ಮೂಲ ಆವೃತ್ತಿ ಸಾಕು. ಅವರ ಪಠ್ಯಪುಸ್ತಕವೂ ಅಂತರ್ಜಾಲದಲ್ಲಿ ಉಚಿತ.

ವಿಸಿವಿ ರ್‍ಯಾಕ್ ಕೇಳುವವರೂ ಇದ್ದಾರೆ. ಸಿದ್ಧ ಮಾಡ್ಯೂಲು ಜೋಡಿಸಿ ಆಡಲು ಮಜಾ, ಉಚಿತ ಆವೃತ್ತಿಯೂ ಇದೆ. ತಾಳದ ಲೆಕ್ಕ ನಮ್ಮದೇ ಆಗಬೇಕೆಂದರೆ ನನಗೇಕೋ ಅದು ಒಗ್ಗಲಿಲ್ಲ.

ಮ್ಯಾಕ್ಸ್ ಕೊಳ್ಳಲೇಬಾರದೇ? ಏಬಲ್ಟನ್ ಲೈವ್ ಇಟ್ಟುಕೊಂಡು ವೇದಿಕೆ ಹತ್ತುವವರು ಕೊಳ್ಳಲಿ. ಲೈವ್‌ನ ಸೂಟ್ ಆವೃತ್ತಿಯಲ್ಲಿ ಮ್ಯಾಕ್ಸ್ ಫಾರ್ ಲೈವ್ ಹೇಗೂ ಒಳಗೇ ಇರುತ್ತದೆ, ಅವರ ಲೆಕ್ಕಾಚಾರ ಬೇರೆ. ಒಂದು ಪ್ಯಾಚೂ ಮುಗಿಸದವನು ಮೊದಲು ಆರು ತಿಂಗಳು ಪಂಚೆಯವನ ಜೊತೆ ಕಳೆಯಲಿ. ಅಲ್ಲಿ ಕಲಿತದ್ದು ಬಹುಪಾಲು ಮ್ಯಾಕ್ಸ್‌ಗೂ ಒದಗುತ್ತದೆ, ಕೆಲವು ಪೆಟ್ಟಿಗೆಗಳ ಹೆಸರಷ್ಟೇ ಬೇರೆ.

ಹುಡುಗ ಇನ್ನೂ ಕಾರ್ಡ್ ಉಜ್ಜಿಲ್ಲ. ಮೊನ್ನೆ ಒಂದು ಫೈಲ್ ಕಳಿಸಿದ್ದ. ಗಾಂಧಾರ ಚೆನ್ನಾಗಿ ಕೂತಿತ್ತು, ಮಿಶ್ರಛಾಪು ಮಾತ್ರ ಒಂದೆಣಿಕೆ ತಡವಾಗಿ ಬೀಳುತ್ತಿತ್ತು. ‘ಟ್ರಿಗರ್ ಹಾಕು ಮಾರಾಯ’ ಎಂದು ಉತ್ತರ ಬರೆದಿದ್ದೇನೆ.