ಕೂಲಿ ಬಿಟ್ಟು ಬಂದವರ ಸಭೆ

ಪ್ರಾಚೀನ ಅಥೆನ್ಸಿನ ನಾಗರಿಕರು ತಮ್ಮ ಪರವಾಗಿ ತೀರ್ಮಾನಿಸಲು ಬೇರೊಬ್ಬರನ್ನು ಆರಿಸಿ ಕಳಿಸುತ್ತಿರಲಿಲ್ಲ, ತಾವೇ ಹೋಗುತ್ತಿದ್ದರು. ಕ್ರಿ.ಪೂ. 508ರ ಸುಮಾರಿಗೆ ಸುಧಾರಕ ಕ್ಲೈಸ್ತನೀಸ್ ಹಾಕಿದ ತಳಪಾಯದ ಮೇಲೆ ಬೆಳೆದ ಈ ವ್ಯವಸ್ಥೆಯಲ್ಲಿ ಯುದ್ಧ, ಒಪ್ಪಂದ, ಖರ್ಚು ಎಲ್ಲವನ್ನೂ ಪ್ನಿಕ್ಸ್ ಗುಡ್ಡದ ಬಯಲಿನಲ್ಲಿ ಕೈ ಎತ್ತಿ ನಿರ್ಧರಿಸುತ್ತಿದ್ದರು. ಸಭೆಯ ಮುಂದೆ ವಿಷಯ ತರುವ 500 ಮಂದಿಯ ಮಂಡಳಿಯನ್ನು ಚೀಟಿ ಎತ್ತುವ ರೀತಿಯಲ್ಲಿ ಆರಿಸುತ್ತಿದ್ದರು. ಹಣ, ಮಾತಿನ ಚಾತುರ್ಯ ಯಾವುದೂ ಆ ಆಯ್ಕೆಯಲ್ಲಿ ನಡೆಯುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಬಡವನಿಗೆ ಹಕ್ಕು ಕೊಟ್ಟರಷ್ಟೇ ಸಾಲದು, ಸಭೆಗೆ ಬಂದರೆ ಅವನ ದಿನದ ದುಡಿಮೆ ಹೋಗುತ್ತದಲ್ಲ! ಮುಖಂಡ ಪೆರಿಕ್ಲೀಸನ ಕಾಲದಲ್ಲಿ ನ್ಯಾಯಸಭೆಯಲ್ಲಿ ಕೂರುವವರಿಗೂ, ಕ್ರಿ.ಪೂ. 403ರ ನಂತರ ಜನಸಭೆಗೆ ಬಂದವರಿಗೂ ಭತ್ಯೆ ನಿಗದಿಯಾಯಿತು. ತೆಲಂಗಾಣದಲ್ಲಿ ತುಂಗಭದ್ರೆಯ ದಡದ ರಾಜೋಳಿಯಂಥ ನೇಕಾರರ ಊರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನಿಗೆ ಲಾಳಿ ನಿಂತರೆ ಕೂಲಿಯೂ ನಿಂತಂತೆ. ತೆಲಂಗಾಣದ 2018ರ ಪಂಚಾಯತ್ ರಾಜ್ ಕಾಯ್ದೆ ಎರಡು ತಿಂಗಳಿಗೊಮ್ಮೆ ಗ್ರಾಮಸಭೆ ಕರೆಯಬೇಕೆನ್ನುತ್ತದೆ. ಬಂದವರ ಆ ಹೊತ್ತಿನ ಕೂಲಿಯ ಲೆಕ್ಕ ಅದರಲ್ಲಿಲ್ಲ.

ಅಥೆನ್ಸಿನ ಬಾಗಿಲು ಮಾತ್ರ ಬಹಳ ಕಿರಿದು. ಲಾರಿಯಂ ಬೆಳ್ಳಿಗಣಿಯಲ್ಲಿ ದುಡಿದು ಸಾಯುತ್ತಿದ್ದ ಗುಲಾಮರಿಗೆ, ತಲೆಮಾರುಗಳಿಂದ ನೆಲೆಸಿದ್ದ ಪರವೂರಿನವರಿಗೆ ಸಭೆಯಲ್ಲಿ ಜಾಗವಿರಲಿಲ್ಲ. ಕ್ರಿ.ಪೂ. 451ರ ಕಾನೂನಿನಂತೆ ನಾಗರಿಕನಾಗಲು ತಾಯಿಯೂ ಅಥೆನ್ಸಿನವಳಾಗಿರಬೇಕು. ಆ ತಾಯಿಗೆ ಮತವಿಲ್ಲ. ನಗರದೇವತೆ ಅಥೀನಾಳಿಗೆ ಉತ್ಸವದಲ್ಲಿ ಉಡಿಸುವ ವಸ್ತ್ರವನ್ನು ನೇಯುತ್ತಿದ್ದವರು ಹೆಣ್ಣುಮಕ್ಕಳೇ. ನೂಲು ಹಿಡಿದ ಆ ಕೈಗಳು ಸಭೆಯಲ್ಲಿ ಮೇಲೇಳುವಂತಿರಲಿಲ್ಲ. ಇಂದು ಮಗ್ಗದ ಪಕ್ಕ ಕಂಡಿಕೆ ಸುತ್ತುವ ಹೆಂಗಸು ಗ್ರಾಮಸಭೆಯ ಪೂರ್ಣ ಸದಸ್ಯೆ. ತೆಲಂಗಾಣದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನಗಳು ಮಹಿಳೆಯರಿಗೆ ಮೀಸಲು. ಈ ವಿಷಯದಲ್ಲಿ ಅಥೆನ್ಸನ್ನು ಆದರ್ಶವೆಂದು ಹೊಗಳುವುದು ಸಲ್ಲದು.

ಎರಡನೆಯ ದೋಷ ಆವೇಶ. ಕ್ರಿ.ಪೂ. 406ರಲ್ಲಿ ಆರ್ಗಿನೂಸೆ ಕಡಲಯುದ್ಧ ಗೆದ್ದ ಸೇನಾಪತಿಗಳನ್ನು, ನೀರಿಗೆ ಬಿದ್ದವರನ್ನು ಉಳಿಸಲಿಲ್ಲವೆಂದು, ಒಬ್ಬೊಬ್ಬರನ್ನೇ ವಿಚಾರಿಸದೆ ಒಂದೇ ಮತದಲ್ಲಿ ಮರಣದಂಡನೆಗೆ ಗುರಿಮಾಡಿದರು. ಆರು ಮಂದಿ ಸತ್ತ ಮೇಲೆ ಜನ ಪಶ್ಚಾತ್ತಾಪಪಟ್ಟರು. ಬಹುಮತದ ಕೈ ಹಿಡಿದು ನಿಲ್ಲಿಸುವ ಸಂವಿಧಾನ ಅಲ್ಲಿರಲಿಲ್ಲ.

ನಮ್ಮಲ್ಲಿ ಸಂವಿಧಾನವಿದೆ, ಆದರೆ ಗ್ರಾಮಸಭೆಯ ಕೈಗೆ ಅಧಿಕಾರ ಕಡಿಮೆ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ರಾಜೋಳಿಗೆ ನುಗ್ಗಿದಾಗ ಮನೆಗಳೂ ಮಗ್ಗಗಳೂ ನೀರುಪಾಲಾದವು. ಯಾರ ಗೋಡೆ ಬಿದ್ದಿತು, ಯಾರ ಮಗ್ಗದ ಹಾಸು ಕೊಳೆಯಿತು ಎಂಬುದು ಊರಿನವರಿಗೆ ಗೊತ್ತು. ಪರಿಹಾರ ಎಷ್ಟು, ಹೊಸ ಮನೆ ಎಲ್ಲಿ ಎಂಬ ತೀರ್ಮಾನ ಮಾತ್ರ ಜಿಲ್ಲಾ ಕಚೇರಿಯಲ್ಲಿ, ಹೈದರಾಬಾದಿನಲ್ಲಿ ಆಗುವಂಥದ್ದು. ಅಂಥ ಪ್ರಶ್ನೆಯನ್ನು ಅಥೆನ್ಸಿನವರು ಗುಡ್ಡದ ಮೇಲೆ ತಾವೇ ಕೂತು ಬಗೆಹರಿಸಿಕೊಳ್ಳುತ್ತಿದ್ದರು.