ಮಂದ್ರವನ್ನೇ ತಡೆಯುವ ಮಂದ್ರವಾದ್ಯ

ಪಾಶ್ಚಾತ್ಯ ವಾದ್ಯಗೋಷ್ಠಿಗಳಲ್ಲಿ ಮಂದ್ರ ಸ್ವರಗಳ ಆಧಾರ ಕೊಡುವ ವಾದ್ಯ ಬೇಸ್ ಗಿಟಾರ್. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಹೊರತಂದ ‘ಪ್ರಿಸಿಷನ್ ಬೇಸ್’ ಇದನ್ನು ಜನಪ್ರಿಯಗೊಳಿಸಿತು. ಸಾಮಾನ್ಯವಾಗಿ ನಾಲ್ಕು ತಂತಿಗಳಿರುವ ಇದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ.

ತಂತಿಗಳ ಕೆಳಗೆ ಕಾಂತ ಹಾಗೂ ತಾಮ್ರದ ಸುರುಳಿ ಇರುವ ‘ಪಿಕಪ್’ ಇರುತ್ತದೆ. ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಬದಲಾಗಿ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಈ ಕ್ಷೀಣ ವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸುತ್ತದೆ.

ನಡುವೆ ಟೋನ್ ಗುಂಡಿ ಇದೆಯಲ್ಲ, ಅದರ ಜೀವಾಳ ಕೆಪಾಸಿಟರ್. ಆವೃತ್ತಿ ಹೆಚ್ಚಿದಷ್ಟೂ ಇದು ವಿದ್ಯುತ್ತಿಗೆ ಒಡ್ಡುವ ತಡೆ ಕಡಿಮೆ. ಸಾಮಾನ್ಯ ಜೋಡಣೆಯಲ್ಲಿ ಕೆಪಾಸಿಟರ್ ತಾರ ಸ್ವರಗಳನ್ನು ಭೂಸಂಪರ್ಕಕ್ಕೆ ಇಳಿಸಿಬಿಡುತ್ತದೆ. ಮಂದ್ರ ಉಳಿಯುತ್ತದೆ.

1961ರಲ್ಲಿ ಬಂದ ‘ರಿಕೆನ್‌ಬ್ಯಾಕರ್ 4001’ರ ಹಳೆಯ ವಾದ್ಯಗಳಲ್ಲಿ ಇದರ ಜೊತೆಗೆ ಇನ್ನೊಂದು ವಿಚಿತ್ರ ಜೋಡಣೆಯಿದೆ. ಎರಡು ಪಿಕಪ್‌ಗಳ ಪೈಕಿ ಕುದುರೆಯ ಹತ್ತಿರದ್ದಕ್ಕೆ 0.0047 ಮೈಕ್ರೋಫ್ಯಾರಡ್‌ನ ಕೆಪಾಸಿಟರನ್ನು ಸರಣಿಯಲ್ಲಿ, ಅಂದರೆ ದಾರಿಗೆ ಅಡ್ಡವಾಗಿಯೇ, ಬೆಸೆದಿದ್ದರು. ಇಲ್ಲಿ ಅದನ್ನು ದಾಟಿ ಬಂದದ್ದಷ್ಟೇ ಕೇಳಿಸುತ್ತದೆ.

ಜರಡಿಯನ್ನು ನೆನೆಯಿರಿ. ರಾಗಿ ಹಿಟ್ಟು ಜರಡಿ ಹಿಡಿದಾಗ ಕೆಳಗೆ ಬಿದ್ದದ್ದು ಬೇಕು. ಕಾಳಿನ ಮಣ್ಣು ತೆಗೆಯುವಾಗ ಕೆಳಗೆ ಬಿದ್ದದ್ದು ಬೇಡ. ಜರಡಿಯ ಕೆಲಸ ಒಂದೇ, ನಾವು ಇಟ್ಟುಕೊಳ್ಳುವುದು ಮಾತ್ರ ಬೇರೆ. ಕೆಪಾಸಿಟರ್ ಕಥೆಯೂ ಅಷ್ಟೆ.

ಲೆಕ್ಕ ನೋಡಿ. ಕೆಪಾಸಿಟರಿನ ತಡೆ = 1 ÷ (2π × ಆವೃತ್ತಿ × ಧಾರಕತೆ). 0.0047 ಮೈಕ್ರೋಫ್ಯಾರಡ್‌ಗೆ 41 ಹರ್ಟ್ಸ್‌ನಲ್ಲಿ ತಡೆ 8 ಲಕ್ಷ ಓಮ್‌ಗೂ ಹೆಚ್ಚು! 4,000 ಹರ್ಟ್ಸ್‌ನಲ್ಲಾದರೋ ಕೇವಲ 8,500 ಓಮ್‌ನ ಆಸುಪಾಸು. ಹೀಗಾಗಿ ಮಂದ್ರ ಸೊರಗಿ, ಚುರುಕಾದ ತಾರ ಧ್ವನಿ ಮುಂದೆ ಬರುತ್ತದೆ. ಕತ್ತಿನ ಬಳಿಯ ಪಿಕಪ್ ಮಂದ್ರವನ್ನು ಒದಗಿಸುವುದರಿಂದ ಎರಡೂ ಸೇರಿದಾಗ ನಾದ ತುಂಬಿಯೂ ಇರುತ್ತದೆ, ಸ್ಪಷ್ಟವಾಗಿಯೂ ಕೇಳುತ್ತದೆ.

ಆದರೆ ಕುದುರೆಯ ಪಿಕಪ್ ಒಂದನ್ನೇ ನುಡಿಸಿದರೆ ಸದ್ದು ತೆಳುವು, ಕ್ಷೀಣ. ಅದಕ್ಕಾಗಿ ಎಷ್ಟೋ ವಾದಕರು ಆ ಕೆಪಾಸಿಟರನ್ನು ಕಿತ್ತು ತಂತಿ ಬೆಸೆದರು. ಸದ್ದು ದಪ್ಪವಾಯಿತು, ಹಳೆಯ ನಾದ ಹೋಯಿತು. ಮುಂದೆ ಅದೇ ನಾದವನ್ನು ಬಯಸುವವರು ಹುಟ್ಟಿಕೊಂಡರು. 4003 ಮಾದರಿಯ ಈಚಿನ ವಾದ್ಯಗಳಲ್ಲಿ ಗುಂಡಿಯೊಂದನ್ನು ಎಳೆದು ಕೆಪಾಸಿಟರನ್ನು ಬೇಕಾದಾಗ ಸೇರಿಸಿಕೊಳ್ಳುವ ಅನುಕೂಲ ಮಾಡಲಾಯಿತು.

ಹಳೆಯ ಉಪಕರಣ ಬಿಚ್ಚುವ ಹುಡುಗರು ಇದನ್ನು ಗಮನಿಸಬೇಕು. ಮಲ್ಟಿಮೀಟರ್ ಹಚ್ಚಿದರೆ ಇಂಥ ಕೆಪಾಸಿಟರ್ ದಾರಿಯೇ ಇಲ್ಲವೆಂದು ತೋರಿಸುತ್ತದೆ. ಏಕೆಂದರೆ ಮೀಟರು ಹರಿಸುವುದು ಏಕಮುಖ ವಿದ್ಯುತ್ತು. ತಂತಿ ಕಡಿದಿದೆ ಎಂದು ಕೀಳುವ ಮೊದಲು ಜೋಡಣೆಯ ಚಿತ್ರ ಬರೆದಿಟ್ಟುಕೊಳ್ಳುವುದು ಜಾಣತನ.

ಪೋಷಕರಿಗೂ ಒಂದು ಮಾತು. ಬ್ಯಾಟರಿ ಇಲ್ಲದ ಇಂಥ ಗಿಟಾರನ್ನು ಆಂಪ್ಲಿಫೈಯರಿನಿಂದ ಬೇರ್ಪಡಿಸಿ ಬಿಚ್ಚಿದರೆ ಅಪಾಯವಿಲ್ಲ. ಆಂಪ್ಲಿಫೈಯರನ್ನು ಮಾತ್ರ ಮಕ್ಕಳು ಬಿಚ್ಚುವುದು ಬೇಡ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ಮಾರಕ ವಿದ್ಯುತ್ ಉಳಿದಿರಬಹುದು.

ಈ ವಾರದ ಲೆಕ್ಕ: 0.0047ರ ಬದಲು 0.047 ಮೈಕ್ರೋಫ್ಯಾರಡ್ ಹಾಕಿದರೆ 41 ಹರ್ಟ್ಸ್‌ನಲ್ಲಿ ತಡೆ ಎಷ್ಟು? ಆಗ ಮಂದ್ರ ಹೆಚ್ಚು ಕೇಳುತ್ತದೆಯೋ, ಕಡಿಮೆಯೋ?